ಎಷ್ಟನೆಯ ಪ್ರಯೋಗಕ್ಕೆ ಎಷ್ಟನೆಯ ಸಾಲು? ಬೆಂಗಳೂರಿನ ರಂಗಮಂದಿರಗಳಲ್ಲಿ ಕೂರುವ ಜಾಗದ ಒಂದು ವಿಮರ್ಶೆ

ಬೆಂಗಳೂರಿನ ಖಾಯಂ ನಾಟಕ ಪ್ರೇಕ್ಷಕರ ನಡುವೆ ಎರಡು ಮಾತುಗಳು ಬಹಳ ಕಾಲದಿಂದ ಚಾಲ್ತಿಯಲ್ಲಿವೆ. ರಂಗಶಂಕರದಲ್ಲಿ ಎಲ್ಲಿ ಕೂತರೂ ನಾಟಕ ಚೆನ್ನಾಗಿಯೇ ಕಾಣುತ್ತದೆ ಎಂಬುದು ಒಂದು. ಹೊಸ ನಾಟಕದ ಮೊದಲ ಪ್ರಯೋಗಕ್ಕೆ ಹೋಗಬಾರದು, ಎರಡು ಮೂರು ಪ್ರಯೋಗಗಳು ಕಳೆದು ನಾಟಕ ‘ಕೂತ’ ಮೇಲೆ ನೋಡಬೇಕು ಎಂಬುದು ಇನ್ನೊಂದು. ಎರಡನ್ನೂ ನಾನು ಅರ್ಧದಷ್ಟು ಮಾತ್ರ ಒಪ್ಪುತ್ತೇನೆ. ಎಲ್ಲಿ ಕೂರಬೇಕು ಎಂಬುದು ಆ ನಾಟಕ ಎಷ್ಟನೆಯ ಸಲ ರಂಗಕ್ಕೆ ಬರುತ್ತಿದೆ ಎಂಬುದರ ಮೇಲೆ ನಿಂತಿದೆ ಎನ್ನುವುದು ನನ್ನ ಅಭಿಪ್ರಾಯ. ಮೊದಲ ಪ್ರಯೋಗವಾದರೆ ಹಿಂದಿನ ಸಾಲುಗಳ ನಡುಭಾಗ, ಹತ್ತಾರು ಪ್ರಯೋಗ ಕಂಡ ನಾಟಕವಾದರೆ ಮುಂದಿನ ಸಾಲು. ಈ ಮಾತಿಗೆ ಕಾರಣಗಳನ್ನು ಕೊಡುವುದಕ್ಕಾಗಿ ನಮ್ಮ ಕೆಲವು ರಂಗಮಂದಿರಗಳನ್ನು ಪ್ರೇಕ್ಷಕನ ಕುರ್ಚಿಯಿಂದಲೇ ಪರಿಶೀಲಿಸುತ್ತೇನೆ.

ಮೊದಲಿಗೆ ರಂಗಶಂಕರ. ಶಂಕರ್ ನಾಗ್ ಅವರ ನೆನಪಿನಲ್ಲಿ ಅರುಂಧತಿ ನಾಗ್ ಅವರು ವರ್ಷಗಟ್ಟಲೆ ಶ್ರಮಿಸಿ ಜೆ.ಪಿ. ನಗರದ 2ನೇ ಹಂತದಲ್ಲಿ ಕಟ್ಟಿದ ಈ ರಂಗಮಂದಿರ 2004ರಲ್ಲಿ ತೆರೆಯಿತು. ಇಲ್ಲಿರುವುದು ಸುಮಾರು 320 ಆಸನಗಳು. ವೇದಿಕೆ ಪ್ರೇಕ್ಷಕರ ನಡುವೆ ಚಾಚಿಕೊಂಡಿದ್ದು ಅದರ ಮೂರು ಬದಿಗಳಲ್ಲೂ ಜನ ಕೂರುತ್ತಾರೆ. ರಂಗದ ಮಂದಿ ಥ್ರಸ್ಟ್ ಎಂದು ಕರೆಯುವುದು ಈ ಬಗೆಯ ವೇದಿಕೆಯನ್ನೇ. ಸಾಲುಗಳು ಕಡಿದಾಗಿ ಮೇಲೇರುವುದರಿಂದ ಮುಂದೆ ಕೂತವರು ಎಷ್ಟೇ ಎತ್ತರದವರಾಗಿದ್ದರೂ ಹಿಂದಿನವರ ನೋಟಕ್ಕೆ ಅಡ್ಡಿಯಾಗುವುದಿಲ್ಲ. ಕೊನೆಯ ಸಾಲಿನಲ್ಲಿ ಕೂತರೂ ನಟನ ಹುಬ್ಬು ಏರಿದ್ದು ಕಾಣುತ್ತದೆ, ಮೈಕಿನ ನೆರವಿಲ್ಲದ ಮಾತು ಕಿವಿಗೆ ಬೀಳುತ್ತದೆ. ನಗರದ ಇತರ ಸಭಾಂಗಣಗಳಿಂದ ಬಂದವರು ಎಲ್ಲಿ ಕೂತರೂ ಒಂದೇ ಎಂದು ಹೇಳುವುದು ಈ ಹೋಲಿಕೆಯಲ್ಲಿ. ಆ ಮಟ್ಟಿಗೆ ಅದು ನ್ಯಾಯವಾದ ಮಾತು.

ಆದರೆ ಚೆನ್ನಾಗಿ ಕಾಣುವುದಕ್ಕೂ ನಾಟಕ ಪೂರ್ತಿಯಾಗಿ ಕಾಣುವುದಕ್ಕೂ ಅಂತರವಿದೆ. ಮೂರು ಬದಿಗೆ ಪ್ರೇಕ್ಷಕರಿರುವ ವೇದಿಕೆಯಲ್ಲಿ ನಟನೊಬ್ಬ ಯಾವ ಕಡೆಗೆ ತಿರುಗಿದರೂ ಯಾರಿಗಾದರೂ ಬೆನ್ನು ಹಾಕಿಯೇ ಇರುತ್ತಾನೆ. ಇದನ್ನು ಬಲ್ಲ ನಿರ್ದೇಶಕರು ಪಾತ್ರಗಳನ್ನು ಓರೆಯಾಗಿ ನಿಲ್ಲಿಸುತ್ತಾರೆ, ಒಂದು ನೆಲೆಯಲ್ಲಿ ಬಹಳ ಹೊತ್ತು ನಿಲ್ಲಗೊಡದೆ ಚಲಿಸುವಂತೆ ಮಾಡುತ್ತಾರೆ, ಇಬ್ಬರ ಸಂಭಾಷಣೆಯನ್ನು ಕರ್ಣರೇಖೆಯ ಮೇಲೆ ಹೂಡುತ್ತಾರೆ. ಹಾಗೆ ಕಟ್ಟಿದ ನಾಟಕವನ್ನು ಪಕ್ಕದ ಆಸನಗಳಿಂದ ನೋಡುವುದು ಒಂದು ಸೊಗಸು. ನಡುವೆ ಕೂತವರಿಗೆ ಕಾಣದ ಕೈಬೆರಳ ನಡುಕ, ಮಾತು ಕೇಳಿಸಿಕೊಳ್ಳುತ್ತಿರುವ ಪಾತ್ರದ ಮುಖ ಇಲ್ಲಿ ಕಾಣುತ್ತದೆ. ಎದುರಿಗೆ ಮಾತ್ರ ಪ್ರೇಕ್ಷಕರಿರುವ ಚೌಕಟ್ಟಿನ ವೇದಿಕೆಗಾಗಿ ಕಟ್ಟಿದ ನಾಟಕವನ್ನು ಏನೂ ಬದಲಿಸದೆ ತಂದು ಆಡಿದರೆ ಪಕ್ಕದಲ್ಲಿ ಕೂತವರ ಪಾಲಿಗೆ ಕಿವಿ, ಕೆನ್ನೆ ಮತ್ತು ಹೆಗಲು ಮಾತ್ರ ಉಳಿಯುತ್ತವೆ. ಬೇರೆ ಊರಿನ ತಂಡಗಳ ನಾಟಕವಾದರೆ, ವಿಶೇಷವಾಗಿ ಅವರು ಈ ವೇದಿಕೆಗೆ ಮೊದಲ ಸಲ ಬರುತ್ತಿದ್ದರೆ, ಪಕ್ಕದ ಆಸನಗಳನ್ನು ಬಿಟ್ಟುಬಿಡುವುದು ಒಳ್ಳೆಯದು.

ಚಿತ್ರ ಮೂಡಿಸುವ ಪರದೆಯನ್ನು ಬಳಸುವ ನಾಟಕಗಳಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. 2005ರಲ್ಲಿ ಈ ರಂಗಮಂದಿರದಲ್ಲೇ ಮೊದಲ ಪ್ರಯೋಗ ಕಂಡ, ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ವನ್ನು ನೆನಪಿಸಿಕೊಳ್ಳಬಹುದು. ದೂರದರ್ಶನದ ಸ್ಟುಡಿಯೋದಲ್ಲಿ ಭಾಷಣ ಮುಗಿಸಿದ ಲೇಖಕಿ ಹೊರಡಬೇಕೆನ್ನುವಾಗ ಪರದೆಯ ಮೇಲಿನ ಅವಳದೇ ಬಿಂಬ ಆರದೆ ಉಳಿದು ಅವಳನ್ನು ಪ್ರಶ್ನಿಸಲು ತೊಡಗುತ್ತದೆ. ಅರುಂಧತಿ ನಾಗ್ ಅವರು ರಂಗದ ಮೇಲೂ ಪರದೆಯ ಮೇಲೂ ತಾವೇ ಇದ್ದು ತಮ್ಮೊಂದಿಗೆ ತಾವೇ ವಾದಿಸುವ ಈ ನಾಟಕದಲ್ಲಿ ಪ್ರೇಕ್ಷಕನ ಕಣ್ಣು ಒಂದೇ ಹೊತ್ತಿಗೆ ಎರಡೂ ಮುಖಗಳ ಮೇಲೆ ಇರಬೇಕು. ಬಿಂಬದ ಮಾತು ಮೊದಲೇ ಚಿತ್ರೀಕರಿಸಿದ್ದು. ಅದರ ವಿರಾಮಗಳು ಬದಲಾಗುವುದಿಲ್ಲ, ರಂಗದ ಮೇಲಿನ ನಟಿಯೇ ಅದರ ಕಾಲಕ್ಕೆ ತನ್ನನ್ನು ಹೊಂದಿಸಿಕೊಳ್ಳಬೇಕು. ಆ ಹೊಂದಾಣಿಕೆಯ ನಾಜೂಕು ಕಾಣುವುದು ಪರದೆ ಮತ್ತು ನಟಿ ಇಬ್ಬರೂ ಒಂದೇ ನೋಟದೊಳಗೆ ಸಿಗುವ ನಡುಭಾಗದ ಆಸನಗಳಿಂದ. ತೀರ ಪಕ್ಕದಲ್ಲಿ ಕೂತವರು ಪ್ರತಿ ಮಾತಿಗೂ ಕತ್ತು ಹೊರಳಿಸಬೇಕಾಗುತ್ತದೆ, ಹಾಗೆ ಹೊರಳಿಸುವಷ್ಟರಲ್ಲಿ ಅರ್ಧ ಪ್ರತಿಕ್ರಿಯೆ ತಪ್ಪಿಹೋಗಿರುತ್ತದೆ.

ಮುಂದಿನ ಸಾಲಿನ ಬಗ್ಗೆ ನಮ್ಮಲ್ಲಿ ಒಂದು ಮೋಹವಿದೆ. ಸಭೆ ಸಮಾರಂಭಗಳಲ್ಲಿ ಮುಂದಿನ ಸಾಲು ಗಣ್ಯರದು ಎಂಬ ಅಭ್ಯಾಸದಿಂದ ಅದು ಬಂದಿರಬೇಕು. ರಂಗಶಂಕರದ ಮೊದಲ ಸಾಲಿನಲ್ಲಿ ಕೂತರೆ ನಟರ ಉಸಿರು ಕೇಳುತ್ತದೆ, ಬೆವರು ಕಾಣುತ್ತದೆ. ಒಬ್ಬರೇ ಆಡುವ ನಾಟಕಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಗುಂಪಿನ ಚಲನೆ, ನೆಲದ ಮೇಲೆ ಬೆಳಕು ಬಿಡಿಸುವ ಆಕೃತಿ, ಹಿಂದಿನ ಎತ್ತರದ ಹಲಗೆಯ ಮೇಲೆ ನಡೆಯುವ ದೃಶ್ಯ ಇವೆಲ್ಲ ಅಲ್ಲಿಂದ ಒಂದಕ್ಕೊಂದು ಜೋಡಣೆಯಾಗುವುದಿಲ್ಲ. ಬೆಳಕಿನ ವಿನ್ಯಾಸಕಾರರು ತಮ್ಮ ಕೆಲಸವನ್ನು ಒರೆಗೆ ಹಚ್ಚುವುದು ಸಭಾಂಗಣದ ಹಿಂಭಾಗದಿಂದ ಎಂಬುದನ್ನು ಮರೆಯಬಾರದು.

ಈಗ ಮೊದಲ ಪ್ರಯೋಗದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಆಸನದ ಆಯ್ಕೆ ನಿಜವಾಗಿ ಕಷ್ಟವಾಗುವುದು ಅಲ್ಲಿ. ಲಂಡನ್ನಿನ ವೆಸ್ಟ್ ಎಂಡ್ ಅಥವಾ ನ್ಯೂಯಾರ್ಕಿನ ಬ್ರಾಡ್‌ವೇ ನಾಟಕಗಳಿಗೆ ಅಧಿಕೃತ ಆರಂಭಕ್ಕೆ ಮುನ್ನ ಪ್ರಿವ್ಯೂ ಎಂಬ ಹೆಸರಿನಲ್ಲಿ ಹಲವು ದಿನಗಳ, ಕೆಲವೊಮ್ಮೆ ವಾರಗಳ ಪ್ರದರ್ಶನಗಳಿರುತ್ತವೆ. ಟಿಕೆಟ್ ಕೊಂಡ ಪ್ರೇಕ್ಷಕರ ಮುಂದೆಯೇ ನಾಟಕವನ್ನು ತಿದ್ದುತ್ತಾರೆ, ಪತ್ರಿಕೆಗಳ ವಿಮರ್ಶಕರು ಸಾಮಾನ್ಯವಾಗಿ ಅದಾದ ಮೇಲೆ ಬರೆಯುತ್ತಾರೆ. ನಮ್ಮ ಹವ್ಯಾಸಿ ರಂಗಭೂಮಿಯಲ್ಲಿ ಈ ಏರ್ಪಾಡಿಲ್ಲ. ತಾಲೀಮು ನಡೆಯುವುದು ಶಾಲೆಯ ಕೊಠಡಿಯಲ್ಲಿ, ಯಾರದೋ ಮನೆಯ ಮಹಡಿಯ ಮೇಲೆ, ಅಲ್ಲವಾದರೆ ಬಾಡಿಗೆಯ ಸಣ್ಣ ಹಜಾರದಲ್ಲಿ. ಹೆಚ್ಚಿನ ನಟರು ಹಗಲು ಕಚೇರಿಯಲ್ಲಿ ದುಡಿದು ಸಂಜೆ ತಾಲೀಮಿಗೆ ಬರುವವರು. ರಂಗಮಂದಿರ ಬಹುತೇಕ ತಂಡಗಳ ಕೈಗೆ ಸಿಗುವುದು ಪ್ರದರ್ಶನದ ದಿನವೇ. ಬೆಳಿಗ್ಗೆ ರಂಗಸಜ್ಜಿಕೆ ಇಳಿಸಿ ನಿಲ್ಲಿಸಬೇಕು, ನಂತರ ದೀಪಗಳನ್ನು ತೂಗುಹಾಕಿ ದಿಕ್ಕು ಹೊಂದಿಸಬೇಕು, ಮಧ್ಯಾಹ್ನದ ಹೊತ್ತಿಗೆ ವೇಷಭೂಷಣದೊಂದಿಗೆ ಒಂದು ಜಿ.ಆರ್., ಅಂದರೆ ಗ್ರ್ಯಾಂಡ್ ರಿಹರ್ಸಲ್, ಮುಗಿಸಬೇಕು. ಅದೂ ಎಷ್ಟೋ ಸಲ ಪೂರ್ತಿಯಾಗುವುದಿಲ್ಲ. ಸಂಜೆ ಏಳೂವರೆಗೆ ಬಾಗಿಲು ಮುಚ್ಚಿ ನಾಟಕ ಶುರುವಾದಾಗ ನಟರು ಆ ವೇದಿಕೆಯ ಅಳತೆಯನ್ನು ಹೆಜ್ಜೆಯಿಂದ ಕಲಿತು ಕೆಲವೇ ಗಂಟೆಗಳಾಗಿರುತ್ತವೆ.

ಹೀಗೆ ನೋಡಿದರೆ ನಮ್ಮ ಮೊದಲ ಪ್ರಯೋಗವೇ ಪ್ರಿವ್ಯೂ. ಹೆಸರು ಮಾತ್ರ ಬೇರೆ. ಅದರ ಲಕ್ಷಣಗಳು ಖಾಯಂ ಪ್ರೇಕ್ಷಕರಿಗೆಲ್ಲ ಗೊತ್ತು. ದೃಶ್ಯದಿಂದ ದೃಶ್ಯಕ್ಕೆ ಹೋಗುವಾಗಿನ ಕತ್ತಲು ಬೇಕಾದುದಕ್ಕಿಂತ ಉದ್ದವಾಗಿರುತ್ತದೆ, ಏಕೆಂದರೆ ಮಂಚವನ್ನೋ ಹಲಗೆಯನ್ನೋ ಕತ್ತಲಲ್ಲಿ ಸಾಗಿಸುವವರಿಗೆ ದಾರಿ ಇನ್ನೂ ಕಾಲಿಗೆ ಹತ್ತಿರುವುದಿಲ್ಲ. ನಟ ಬೆಳಕನ್ನು ಹುಡುಕಿಕೊಂಡು ಒಂದು ಹೆಜ್ಜೆ ಸರಿದು ನಿಲ್ಲುವುದು ಕಾಣುತ್ತದೆ. ನಿರೀಕ್ಷಿಸದ ಕಡೆ ಪ್ರೇಕ್ಷಕರು ನಕ್ಕಾಗ ನಟರು ಕಾಯದೆ ಮುಂದಿನ ಮಾತು ಹೇಳಿಬಿಡುತ್ತಾರೆ, ಆ ಮಾತು ನಗೆಯಲ್ಲಿ ಮುಳುಗುತ್ತದೆ. ನಗೆ ಬರಲೇಬೇಕೆಂದು ಕಾದ ಕಡೆ ಮೌನ ಬಂದರೆ ಅದೂ ಮುಖದ ಮೇಲೆ ಗೊತ್ತಾಗುತ್ತದೆ. ಮೂರು ಬದಿಯ ವೇದಿಕೆಯಾದರೆ ಇನ್ನೂ ಒಂದು ತೊಡಕಿದೆ: ತಾನು ಬೆನ್ನು ಹಾಕಿದ ಕಡೆಯವರಿಗೆ ಮಾತು ತಲುಪಬೇಕಾದರೆ ದನಿಯನ್ನು ಎಷ್ಟು ಏರಿಸಬೇಕೆಂಬ ಅಂದಾಜು ಸಭಾಂಗಣ ತುಂಬಿದ ಮೇಲೆ ಬದಲಾಗುತ್ತದೆ, ಖಾಲಿ ಕುರ್ಚಿಗಳ ಮುಂದೆ ಮಾಡಿದ ತಾಲೀಮು ಅದನ್ನು ಕಲಿಸುವುದಿಲ್ಲ. ಮೊದಲ ಪ್ರಯೋಗದಲ್ಲಿ ಪಕ್ಕದ ಆಸನದಲ್ಲಿ ಕೂತವರಿಗೆ ವಾಕ್ಯಗಳ ಕೊನೆಯ ಪದಗಳು ಕೇಳಿಸದೆ ಹೋಗುವುದಕ್ಕೆ ಕಾರಣ ಇದು, ಕಟ್ಟಡದ ದೋಷವಲ್ಲ.

ಇಂಥ ಸಂಜೆಗಳಲ್ಲಿ ಹಿಂದಿನ ಸಾಲುಗಳ ನಡುಭಾಗದಲ್ಲಿ ಕೂರುವುದು ಲಾಭದಾಯಕ. ಒಬ್ಬ ನಟ ಮಾತು ತೊದಲಿದರೂ ಇಡೀ ದೃಶ್ಯದ ಕಟ್ಟಡ ಅಲ್ಲಿಂದ ಕಾಣುತ್ತಿರುತ್ತದೆ, ನಿರ್ದೇಶಕ ಏನನ್ನು ಉದ್ದೇಶಿಸಿದ್ದಾನೆ ಎಂಬುದನ್ನು ಊಹಿಸಿಕೊಂಡು ನೋಡಬಹುದು. ಮುಂದಿನ ಸಾಲಿನಲ್ಲಿ ಕೂತವರಿಗೆ ತಪ್ಪುಗಳೇ ಹತ್ತಿರದಿಂದ ಕಂಡು ಅವೇ ನೆನಪಿನಲ್ಲಿ ಉಳಿಯುತ್ತವೆ. ನಾಟಕ ಪಳಗಿದ ಮೇಲೆ ಲೆಕ್ಕ ತಿರುಗುತ್ತದೆ. ಆಗ ರಂಗವಿನ್ಯಾಸದಲ್ಲಿ ಅಚ್ಚರಿಯೇನೂ ಉಳಿದಿರುವುದಿಲ್ಲ, ಆದರೆ ನಟರು ಒಬ್ಬರನ್ನೊಬ್ಬರು ನಿಜವಾಗಿ ಕೇಳಿಸಿಕೊಳ್ಳಲು ತೊಡಗಿರುತ್ತಾರೆ. ಅದನ್ನು ಹತ್ತಿರದಿಂದಲೇ ನೋಡಬೇಕು. ಅನೇಕ ನಿರ್ದೇಶಕರು ಮೊದಲ ಒಂದೆರಡು ಪ್ರಯೋಗಗಳ ನಂತರ ನಾಟಕವನ್ನು ಕತ್ತರಿಸಿ ಚಿಕ್ಕದು ಮಾಡುವುದೂ ಉಂಟು. ಎರಡೂ ಪ್ರಯೋಗ ನೋಡಿದವರು ಯಾವ ದೃಶ್ಯ ಹೋಯಿತೆಂದು ಆಮೇಲೆ ಚರ್ಚಿಸುವುದರಲ್ಲಿ ಪಡೆಯುವ ಸುಖವೇ ಬೇರೆ, ಹೋದ ದೃಶ್ಯವೇ ಚೆನ್ನಾಗಿತ್ತೆಂದು ಹಟ ಹಿಡಿಯುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ.

ಹಾಗಾದರೆ ಹತ್ತನೆಯ ಪ್ರಯೋಗದವರೆಗೆ ಕಾಯುವುದೇ ಲೇಸಲ್ಲವೇ ಎಂದು ಕೇಳಬಹುದು. ಕಾದರೆ ನಾಟಕವೇ ಸಿಗದೆ ಹೋಗುವ ಅಪಾಯವಿದೆ. ಹವ್ಯಾಸಿ ತಂಡಗಳ ಬಹುಪಾಲು ನಾಟಕಗಳು ಬೆರಳೆಣಿಕೆಯ ಪ್ರಯೋಗಗಳಲ್ಲಿ ಮುಗಿದುಹೋಗುತ್ತವೆ. ನಟರಿಗೆ ಧಾರಾವಾಹಿಯ ಕರೆ ಬರುತ್ತದೆ, ಸಭಾಂಗಣದ ಬಾಡಿಗೆ ಮತ್ತು ಟಿಕೆಟ್ ಹಣ ತಾಳೆಯಾಗುವುದಿಲ್ಲ, ರಂಗಸಜ್ಜಿಕೆಯನ್ನು ಇಟ್ಟುಕೊಳ್ಳಲು ಜಾಗವಿರುವುದಿಲ್ಲ. ನೂರಾರು ಪ್ರಯೋಗಗಳ ಗಡಿ ದಾಟಿದ ನಾಟಕಗಳು ಅಪರೂಪ. ಕಲಾಗಂಗೋತ್ರಿ ತಂಡ 1980ರಿಂದ ಆಡುತ್ತ ಬಂದ ‘ಮುಖ್ಯಮಂತ್ರಿ’ ಅಂಥದ್ದು. ಪಾತ್ರದ ಹೆಸರು ಅದನ್ನು ಆಡಿದ ನಟ ಚಂದ್ರು ಅವರ ಹೆಸರಿಗೇ ಖಾಯಮ್ಮಾಗಿ ಅಂಟಿಕೊಂಡಿತು. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ದ ಲೆಕ್ಕ ಸಾವಿರಗಳಲ್ಲಿದೆ, ಆದರೆ ಅಲ್ಲಿ ಆ ದಿನದ ರಾಜಕೀಯಕ್ಕೆ ತಕ್ಕಂತೆ ಮಾತು ರಂಗದ ಮೇಲೆಯೇ ಹುಟ್ಟುತ್ತಿತ್ತಾದ್ದರಿಂದ ಪ್ರತಿ ಪ್ರಯೋಗವೂ ಒಂದರ್ಥದಲ್ಲಿ ಮೊದಲನೆಯದೇ ಆಗಿತ್ತು.

ಮೊದಲ ಪ್ರಯೋಗದ ಈ ಕಷ್ಟ ರೆಪರ್ಟರಿಗಳಿಗೆ, ಅಂದರೆ ಖಾಯಂ ಕಲಾವಿದರಿರುವ ವೃತ್ತಿನಿರತ ತಂಡಗಳಿಗೆ, ಅಷ್ಟಾಗಿ ತಟ್ಟುವುದಿಲ್ಲ. 1989ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಆರಂಭವಾದ ಮೈಸೂರಿನ ರಂಗಾಯಣದ ಕಲಾವಿದರಿಗೆ ನಾಟಕವೇ ಉದ್ಯೋಗ, ಆವರಣದಲ್ಲಿ ತಮ್ಮದೇ ಭೂಮಿಗೀತ ರಂಗಮಂದಿರವಿದೆ. ಆಡುವ ಜಾಗದಲ್ಲೇ ತಾಲೀಮು ಮಾಡುವ ಅನುಕೂಲ ಎಷ್ಟು ದೊಡ್ಡದೆಂಬುದು ಅಲ್ಲಿನ ಹೊಸ ನಾಟಕದ ಆರಂಭದ ಪ್ರದರ್ಶನಗಳನ್ನು ನೋಡಿದಾಗ ತಿಳಿಯುತ್ತದೆ. ಭೂಮಿಗೀತ ಚಿಕ್ಕ ಸಭಾಂಗಣ. ಅಲ್ಲಿ ಸಾಲಿನ ಚಿಂತೆಯೇ ಬೇಡ, ತಡಮಾಡದೆ ಹೋದರೆ ಸಾಕು. ರಂಗಸಂಸ್ಥೆ ನೀನಾಸಂ 1985ರಲ್ಲಿ ಆರಂಭಿಸಿದ ತಿರುಗಾಟ ತಂಡದ ಸ್ಥಿತಿ ಇನ್ನೂ ಬೇರೆ. ಹೆಗ್ಗೋಡಿನ ಶಿವರಾಮ ಕಾರಂತ ರಂಗಮಂದಿರದಲ್ಲಿ ಹೊಸ ನಾಟಕಗಳನ್ನು ಆಡಿ, ಬಳಿಕ ತಿಂಗಳುಗಟ್ಟಲೆ ಊರೂರು ಸುತ್ತುತ್ತಾರೆ. ಊರಿಗೊಂದು ವೇದಿಕೆ, ಒಂದೊಂದರದು ಒಂದೊಂದು ಅಗಲ, ಆದ್ದರಿಂದ ರಂಗಸಜ್ಜಿಕೆ ಮೊದಲಿನಿಂದಲೇ ಎಲ್ಲಿಗೂ ಹೊಂದುವಷ್ಟು ಹಗುರವಾಗಿರುತ್ತದೆ. ಅಕ್ಟೋಬರಿನಲ್ಲಿ ಹೆಗ್ಗೋಡಿನಲ್ಲಿ ನೋಡಿದ ನಾಟಕವನ್ನೇ ತಿರುಗಾಟದ ಕೊನೆಯ ದಿನಗಳಲ್ಲಿ ಬೇರೊಂದು ಊರಿನಲ್ಲಿ ನೋಡಿದರೆ ಒಂದೇ ನಾಟಕದ ಎರಡು ವಯಸ್ಸುಗಳನ್ನು ಕಂಡಂತಾಗುತ್ತದೆ. ಹೆಗ್ಗೋಡಿನಲ್ಲಿ ಹಿಂದೆ ಕೂತು ನೋಡಿ, ಇನ್ನೊಮ್ಮೆ ಸಿಕ್ಕಾಗ ಮುಂದೆ ಕೂತು ನೋಡಿ ಎಂದು ಯಾರು ಕೇಳಿದರೂ ಹೇಳುತ್ತೇನೆ.

ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದಲ್ಲಿ ಆಸನದ ಲೆಕ್ಕಾಚಾರ ಪೂರ್ತಿ ಬದಲಾಗುತ್ತದೆ. ಟಾಗೋರರ ಜನ್ಮಶತಾಬ್ದಿಯ ನೆನಪಿಗೆ ಕಟ್ಟಿ 1963ರಲ್ಲಿ ತೆರೆದ ಇದು ಬಾಲ್ಕನಿಯೂ ಇರುವ ದೊಡ್ಡ ಸಭಾಂಗಣ, ಚೌಕಟ್ಟಿನ ವೇದಿಕೆ. ತೀರ ಮುಂದಿನ ಸಾಲುಗಳಲ್ಲಿ ವೇದಿಕೆಯ ಅಂಚು ಕಣ್ಣಿಗೆ ಅಡ್ಡವಾಗಿ, ನೆಲದ ಮೇಲೆ ಕೂತ ಅಥವಾ ಮಲಗಿದ ಪಾತ್ರ ಅರ್ಧವೇ ಕಾಣುತ್ತದೆ. ಬಾಲ್ಕನಿಯಿಂದ ನೆಲದ ವಿನ್ಯಾಸ ಚಿತ್ರದಂತೆ ಸ್ಪಷ್ಟ, ಮುಖಭಾವ ಅಸ್ಪಷ್ಟ. ಇಷ್ಟು ದೊಡ್ಡ ಸಭಾಂಗಣದಲ್ಲಿ ಮಾತು ಮೈಕಿನ ಮೂಲಕ ಬರುವುದರಿಂದ ದನಿ ನಟನಿರುವ ದಿಕ್ಕಿನಿಂದ ಬಾರದೆ ಸ್ಪೀಕರಿನಿಂದ ಬರುತ್ತದೆ. ಮೈಕಿನ ಸಮೀಪದ ಹೆಜ್ಜೆಯ ಸದ್ದು ಮಾತಿಗಿಂತ ಜೋರಾಗಿ ಕೇಳುವುದೂ ಉಂಟು. ಕೆಳಗಿನ ಭಾಗದ ನಡುವೆ, ಎಂಟು ಹತ್ತು ಸಾಲು ಹಿಂದಕ್ಕೆ ಕೂತರೆ ಈ ಕೊರತೆಗಳೆಲ್ಲ ಸಾಕಷ್ಟು ತಗ್ಗುತ್ತವೆ. ಐತಿಹಾಸಿಕ ನಾಟಕಗಳಿಗೆ, ದೊಡ್ಡ ಮೇಳದ ಸಂಗೀತ ನಾಟಕಗಳಿಗೆ ನಾನು ಇಂದಿಗೂ ಕಲಾಕ್ಷೇತ್ರವನ್ನೇ ಮೆಚ್ಚುತ್ತೇನೆ. ಅರಮನೆಯ ದೃಶ್ಯಕ್ಕೆ ಬೇಕಾದ ಎತ್ತರ ಮತ್ತು ದೂರ ರಂಗಶಂಕರದಲ್ಲಿ ಒದಗುವುದಿಲ್ಲ. ನಾಲ್ಕು ಗೋಡೆಯ ನಡುಮನೆಯ ಜಗಳವೊಂದನ್ನು ಕಲಾಕ್ಷೇತ್ರದಲ್ಲಿ ಆಡಿದರೆ ಮಾತ್ರ ಎಲ್ಲ ಸಾಲುಗಳೂ ದೂರವೇ.

ಕಲಾಕ್ಷೇತ್ರದ ಹಿಂದಿರುವ ಸಂಸ ಬಯಲು ರಂಗಮಂದಿರವನ್ನು ಬೇರೆಯಾಗಿಯೇ ಹೇಳಬೇಕು. ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ 1972ರಲ್ಲಿ ಬಿ.ವಿ. ಕಾರಂತರು ‘ಈಡಿಪಸ್’, ‘ಸಂಕ್ರಾಂತಿ’, ‘ಜೋಕುಮಾರಸ್ವಾಮಿ’ ನಾಟಕಗಳನ್ನು ಆಡಿಸಿದ್ದು ಕನ್ನಡ ರಂಗಭೂಮಿಯ ದಿಕ್ಕನ್ನೇ ತಿರುಗಿಸಿತೆಂದು ಹಿರಿಯ ಪ್ರೇಕ್ಷಕರು ಈಗಲೂ ಹೇಳುತ್ತಾರೆ. ಬಯಲಿನಲ್ಲಿ ದನಿಯನ್ನು ಹಿಂದಕ್ಕೆ ತಳ್ಳುವ ಗೋಡೆ ಇಲ್ಲ, ನಗರದ ಸದ್ದಿಗೆ ತಡೆ ಇಲ್ಲ. ಮೆಟ್ಟಿಲುಗಳಲ್ಲಿ ಕೆಳಗೆ ಇಳಿದಷ್ಟೂ ಒಳ್ಳೆಯದು. ಮೊದಲ ಪ್ರಯೋಗವಾದರೂ ಇಲ್ಲಿ ನನ್ನ ನಿಯಮ ಅನ್ವಯಿಸುವುದಿಲ್ಲ. ಮೆಟ್ಟಿಲ ಮೇಲೆ ಎರಡು ಗಂಟೆ ಕೂರುವುದು ಬೆನ್ನಿಗೆ ಶಿಕ್ಷೆಯಾದ್ದರಿಂದ ಮಡಿಸಿದ ಬೆಡ್‌ಶೀಟೋ ಸಣ್ಣ ದಿಂಬೋ ಒಯ್ಯುವುದು ಜಾಣತನ.

ಆಸನ ಎಂಬುದೇ ಸ್ಥಿರವಾಗಿರದ ಪ್ರಯೋಗಗಳೂ ನಮ್ಮಲ್ಲಿವೆ. ಕುವೆಂಪು ಅವರ ಕಾದಂಬರಿಯನ್ನು ಆಧರಿಸಿ ಸಿ. ಬಸವಲಿಂಗಯ್ಯನವರು ನಿರ್ದೇಶಿಸಿದ ‘ಮಲೆಗಳಲ್ಲಿ ಮದುಮಗಳು’ 2010ರಲ್ಲಿ ರಂಗಾಯಣದ ಆವರಣದಲ್ಲಿ, ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲಿ ರಾತ್ರಿಯಿಡೀ, ಸುಮಾರು ಒಂಬತ್ತು ಗಂಟೆಗಳ ಕಾಲ ನಡೆಯಿತು. ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಪ್ರೇಕ್ಷಕರೇ ಎದ್ದು ನಡೆಯಬೇಕು. ಹಿಂದಿನ ರಂಗದಲ್ಲಿ ಕೊನೆಗೆ ಎದ್ದವರಿಗೆ ಮುಂದಿನ ರಂಗದಲ್ಲಿ ಹಿಂದಿನ ಜಾಗವೇ ಗತಿ. ದೃಶ್ಯದ ಕೊನೆಯ ಹಾಡನ್ನು ಪೂರ್ತಿ ಕೇಳಬೇಕೋ, ಜಾಗ ಹಿಡಿಯಲು ಓಡಬೇಕೋ ಎಂಬ ಧರ್ಮಸಂಕಟಕ್ಕೆ ಉತ್ತರ ಸಿಕ್ಕವರನ್ನು ನಾನು ಕಂಡಿಲ್ಲ. ಮಂಡಿನೋವಿನವರು ಇಂಥ ಪ್ರಯೋಗಗಳಿಗೆ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬೇಕು.

ಕೊನೆಯದಾಗಿ ವ್ಯವಹಾರದ ಮಾತು. ರಂಗಶಂಕರದಲ್ಲಿ ಆಸನಗಳಿಗೆ ಸಂಖ್ಯೆಯ ಹಂಚಿಕೆ ಇಲ್ಲ, ಮೊದಲು ಒಳಗೆ ಹೋದವರು ಮೊದಲು ಕೂರುತ್ತಾರೆ. ಆದ್ದರಿಂದ ಮೇಲಿನ ಸಲಹೆಗಳೆಲ್ಲ ಬಾಗಿಲು ತೆರೆಯುವ ಮೊದಲೇ ಸಾಲಿನಲ್ಲಿ ನಿಂತವರಿಗೆ ಮಾತ್ರ ಉಪಯೋಗಕ್ಕೆ ಬರುತ್ತವೆ. ನಾಟಕ ಹೇಳಿದ ಹೊತ್ತಿಗೆ ಸರಿಯಾಗಿ ಶುರುವಾಗುತ್ತದೆ, ಅದಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಈ ನಿಯಮವನ್ನು ಬಿಗಿಯೆಂದು ದೂರುವವರಿದ್ದಾರೆ. ಮೊದಲ ದೃಶ್ಯದ ನಡುವೆ ಮೊಬೈಲಿನ ಬೆಳಕು ಹಿಡಿದು ಕುರ್ಚಿ ಹುಡುಕುವವರಿಂದ ಬೇರೆ ಕಡೆ ನೊಂದವರು ಯಾರೂ ದೂರಲಾರರು. ಸಾಬೂದಾನ ವಡೆಯ ಆಸೆ ಇರುವವರು ಅರ್ಧ ಗಂಟೆ ಮುಂಚೆ ಬಂದು ಕೆಫೆಯ ಕೆಲಸ ಮುಗಿಸಿ ಸಾಲಿಗೆ ಸೇರಬೇಕು, ವಡೆಯೂ ನಡುಭಾಗದ ಆಸನವೂ ಎರಡೂ ಬೇಕೆಂದರೆ ಇಬ್ಬರು ಕೂಡಿ ಬರಬೇಕು. ಭಾನುವಾರ ಮೂರೂವರೆಗೆ ಮತ್ತು ಏಳೂವರೆಗೆ ಎರಡು ಪ್ರಯೋಗಗಳಿದ್ದಾಗ, ನಾಟಕ ಹೊಸದಾದರೆ ನಾನು ಸಂಜೆಯದನ್ನು ಆರಿಸುತ್ತೇನೆ; ಮಧ್ಯಾಹ್ನದ ಪ್ರಯೋಗದಲ್ಲಿ ದೀಪಗಳ ಮತ್ತು ಕತ್ತಲ ಚಲನೆಯ ತಪ್ಪುಗಳು ತಕ್ಕಮಟ್ಟಿಗೆ ತಿದ್ದಿಹೋಗಿರುತ್ತವೆ. ಹಳೆಯ ನಾಟಕವಾದರೆ ಮಧ್ಯಾಹ್ನವೇ ವಾಸಿ. ನಟರ ದನಿ ದಣಿದಿರುವುದಿಲ್ಲ, ಜನ ಕಡಿಮೆ ಇದ್ದರೆ ಬೇಕಾದ ಸಾಲೂ ಸಿಗುತ್ತದೆ.